ಬಾವಿಯ ಕಲ್ಲು ಹೇಳಿದ ವಯಸ್ಸು

ಈ ಬರಹದಲ್ಲಿ ಒಂದೇ ಒಂದು ಇಸವಿಯೂ ಬರುವುದಿಲ್ಲ. ಹುಡುಕಿ ನಿರಾಶರಾಗುವವರು ಇರಬಹುದೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ಶಾಸನಗಳನ್ನೂ ಹಳೆಯ ಸಂಸ್ಥಾನದ ದಫ್ತರಗಳನ್ನೂ ಓದುತ್ತ, ಒಂದು ತಾರೀಖನ್ನು ಕನಿಷ್ಠ ಮೂರು ಕಡೆ ತಾಳೆ ನೋಡದೆ ಕಾಗದಕ್ಕೆ ಇಳಿಸಬಾರದೆಂಬ ಶಿಸ್ತಿನಲ್ಲಿ ಆಯುಷ್ಯದ ಬಹುಭಾಗ ಕಳೆದು ನಿವೃತ್ತನಾದವನು ನಾನು. ಇಸವಿಯಿಲ್ಲದ ಲೇಖನ ಬರೆಯುವುದೆಂದರೆ ನನಗೆ ಗುಂಡಿಯಿಲ್ಲದ ಅಂಗಿ ತೊಟ್ಟು ಮುಧೋಳದ ಸಂತೆಗೆ ಹೋದಂತೆ; ಎರಡೂ ಕೈಗಳು ಎದೆಯ ಮೇಲೆಯೇ ಇರಬೇಕಾಗುತ್ತದೆ. ಆದರೆ ಷರತ್ತು ಹಾಕಿದವಳು ನನ್ನ ಹೆಂಡತಿ ಗಂಗವ್ವ. "ಬರೀರಿ, ನಾ ಬ್ಯಾಡ ಅನ್ನೂದಿಲ್ಲ. ವಯಸ್ಸು ಬೇಕಾದ್ರ ಬರೀರಿ, ಇಸ್ವಿ ಮಾತ್ರ ಬ್ಯಾಡ," ಎಂದಳು. ಎರಡಕ್ಕೂ ವ್ಯತ್ಯಾಸವೇನೆಂದು ಕೇಳಿದೆ. "ವಯಸ್ಸು ವರ್ಷಾ ಬದಲಾಗತೈತಿ. ಇಸ್ವಿ ಅಚ್ಚಾದಲ್ಲೇ ಕುಂತಿರತೈತಿ," ಎಂದಳು. ಕಾಲಗಣನೆಯನ್ನು ಕುರಿತು ನಾನು ಕುಳಿತು ಕೇಳಿದ ವಿಚಾರ ಸಂಕಿರಣಗಳು ಅನೇಕ. ಇಷ್ಟು ಸ್ಪಷ್ಟವಾದ ಮಾತು ಅವುಗಳಲ್ಲಿ ಬಂದದ್ದು ನೆನಪಿಲ್ಲ.

ಸಂಗತಿ ಶುರುವಾದದ್ದು ಒಂದು ಗುಲಾಬಿ ಬಣ್ಣದ ಕಾಗದದಿಂದ. ಬೇಸಿಗೆಯ ಮೊದಲಿಗೆ ಸ್ವಸಹಾಯ ಸಂಘದ ಸಭೆಗೆಂದು ಜಮಖಂಡಿಗೆ ಹೋಗಿದ್ದ ಗಂಗವ್ವ ಅದನ್ನು ನಾಲ್ಕು ಮಡಿಕೆ ಮಾಡಿ ತಂದು, ನಾನು ಓದುತ್ತಿದ್ದ ದಫ್ತರದ ಮೇಲೆಯೇ ಇಟ್ಟಳು. ದಸರೆ ಸೂಟಿಯ ಒಂದು ಭಾನುವಾರ, ಬೀಳಗಿ ಕಡೆಯ ಕೃಷ್ಣೆಯ ಹಿನ್ನೀರಿನ ದಂಡೆಯಲ್ಲಿ, ಈ ಭಾಗದಲ್ಲೇ ಮೊದಲ ಮಹಿಳಾ ಟ್ರಯಥ್ಲಾನ್ ನಡೆಯಲಿದೆ ಎಂದು ಅದರಲ್ಲಿತ್ತು. ಮುನ್ನೂರು ಮೀಟರು ಈಜು, ಹನ್ನೆರಡು ಕಿಲೋಮೀಟರು ಸೈಕಲ್ಲು, ಮೂರು ಕಿಲೋಮೀಟರು ಓಟ, ಒಂದರ ಬೆನ್ನಿಗೆ ಇನ್ನೊಂದು. 'ಮೊದಲ' ಎಂಬ ವಿಶೇಷಣ ಕಂಡರೆ ಸಂಶೋಧಕನಾದವನಿಗೆ ಕೈ ತುರಿಸುತ್ತದೆ. ಇದಕ್ಕೂ ಹಿಂದೆ ಎಲ್ಲಾದರೂ ನಡೆದಿರಬಹುದೇ, ದಾಖಲೆ ಏನು ಎಂದು ನಾನು ಕನ್ನಡಕ ಒರೆಸಿಕೊಳ್ಳುತ್ತಿರುವಾಗಲೇ ಗಂಗವ್ವ, "ಮೂರೂ ನನಗ ಬರತಾವಲ್ರಿ," ಎಂದಳು. ನಾನು ತಲೆಯೆತ್ತಿದೆ. "ಸಣ್ಣಾಕಿದ್ದಾಗ ದಿನಾ ಮುಂಜಾನಿ ಇದನ್ನ ಮಾಡತಿದ್ನಿ. ಎದ್ದಕೂಡ್ಲೆ ಬಾವ್ಯಾಗ ಜಿಗಿಯೂದು. ಆಮ್ಯಾಲ ಅಪ್ಪನ ಸೈಕಲ್ಲಿನ ಪಟ್ಟಿ ಕೆಳಗ ಕಾಲು ತೂರಿಸಿ ಹೊಡಕೊಂಡು ಬೆಳಗಲಿಗಿ ಹೋಗಿ ಡೇರಿಗಿ ಹಾಲು ಹಾಕಿ ಬರೂದು. ಅಷ್ಟೊತ್ತಿಗಿ ಆಡು ಯಾರದರೆ ಹೊಲದಾಗ ಹೊಕ್ಕಿರತಿದ್ದು, ಅವುನ್ನ ಬೆನ್ನತ್ತಿ ಓಡೂದು. ಇದಕ್ಕೊಂದು ಹೆಸರು ಐತಿ ಅಂತ ಗೊತ್ತಿರಲಿಲ್ಲ ನೋಡ್ರಿ." 'ಮೊದಲ' ಎಂಬ ಮಾತಿಗೆ ವಿರುದ್ಧವಾದ ಸಾಕ್ಷ್ಯ ಇಷ್ಟು ಬೇಗ, ಅದೂ ಅಡುಗೆಮನೆಯ ಕಡೆಯಿಂದ, ಬಂದೀತೆಂದು ನಾನು ನಿರೀಕ್ಷಿಸಿರಲಿಲ್ಲ.

ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ನಿಯಮವಿತ್ತು: ಅರವತ್ತು ತುಂಬದವರಿಗೆ ಮಾತ್ರ ಅವಕಾಶ. ಗಂಗವ್ವನಿಗೆ ಶಾಲೆಯ ದಾಖಲೆಯ ಪ್ರಕಾರ ಜೂನ್ ಒಂದಕ್ಕೆ ಐವತ್ತೊಂಬತ್ತು ತುಂಬುವುದಿತ್ತು. "ಅಂದ್ರ ಇದೊಂದ ವರ್ಷ ರೀ. ಮುಂದಿನ ವರ್ಷ ಕೈ ಮುಗಿದು ಕೇಳಿದ್ರೂ ತಗೊಳ್ಳೂದಿಲ್ಲ," ಎಂದು ಅವಳು ಆ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟಳು. ಜೂನ್ ಒಂದರ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ತಲೆಮಾರಿನ ಅರ್ಧ ತಾಲೂಕು ಹುಟ್ಟಿದ್ದು ಅದೇ ದಿನ. ಹುಟ್ಟಿದ ತಾರೀಖು ಗೊತ್ತಿಲ್ಲದ ಮಕ್ಕಳನ್ನು ಶಾಲೆಗೆ ಹೆಸರು ಹಚ್ಚಲು ಕರೆತಂದಾಗ ಹೆಡ್ ಮಾಸ್ತರರು ಮಗುವಿನ ಎತ್ತರ ನೋಡಿ ಒಂದು ವರ್ಷ ಆರಿಸುತ್ತಿದ್ದರು. ತಿಂಗಳು ಮತ್ತು ದಿನ ಮಾತ್ರ ಎಲ್ಲರಿಗೂ ಸಮಾನವಾಗಿ ಹಂಚಿಕೆಯಾಗುತ್ತಿದ್ದವು. ಇಂಥ ತಾರೀಖುಗಳನ್ನು ಆಧಾರವಾಗಿ ಬಳಸಬಾರದೆಂದು ನಾನು ಕಿರಿಯ ಸಂಶೋಧಕರಿಗೆ ಹೇಳುತ್ತ ಬಂದಿದ್ದೇನೆ. ನನ್ನ ಜನ್ಮದಿನವೂ ಜೂನ್ ಒಂದೇ ಆಗಿರುವುದು ಕೇವಲ ಕಾಕತಾಳೀಯ.

ಈಜಿನ ಅಭ್ಯಾಸಕ್ಕೆ ಜಾಗ ಬೇಕಿತ್ತು. ಗಂಗವ್ವನ ತಮ್ಮ ಮಲ್ಲಪ್ಪ ರನ್ನ ಬೆಳಗಲಿಯ ಹೊಲದಲ್ಲಿ ಇರುತ್ತಾನೆ. ಅವಳು ಬೆನ್ನಿಗೆ ಬೆಂಡು ಕಟ್ಟಿಸಿಕೊಂಡು ಈಜು ಕಲಿತ ಬಾವಿ ಅಲ್ಲಿಯೇ ಇದೆ. ದುಂಡಗಿನ ದೊಡ್ಡ ಬಾವಿ, ಒಂದು ಬದಿಗೆ ಕಲ್ಲಿನ ಮೆಟ್ಟಿಲು. ಮುಧೋಳದಿಂದ ಬೆಳಿಗ್ಗೆಯ ಬಸ್ಸಿಗೆ ಹೊರಟು ನಾವಿಬ್ಬರೂ ಅಲ್ಲಿಗೆ ಹೋಗತೊಡಗಿದೆವು. ನನಗೆ ಈಜು ಬಾರದು. ಆದ್ದರಿಂದ ಸಹಜವಾಗಿಯೇ ತರಬೇತುದಾರನ ಸ್ಥಾನ ನನ್ನ ಪಾಲಿಗೆ ಬಂತು. ಹಗ್ಗ ಹಿಡಿದು ಬಾವಿಯ ಒಳಸುತ್ತನ್ನು ಅಳೆದೆ, ಮರುದಿನ ಇನ್ನೊಮ್ಮೆ ಅಳೆದೆ. ಗೋಡೆಗುಂಟ ಒಂದು ಸುತ್ತಿಗೆ ನಲವತ್ತು ಮೀಟರು. ಏಳೂವರೆ ಸುತ್ತಾದರೆ ಮುನ್ನೂರು. ಈ ಫಲಿತಾಂಶವನ್ನು ನಾನು ಮೆಟ್ಟಿಲ ಮೇಲೆ ನಿಂತು ಪ್ರಕಟಿಸಿದಾಗ ಗಂಗವ್ವ ನೀರಿನಿಂದಲೇ, "ಅರ್ಧ ಸುತ್ತಿಗಿ ಆ ಕಡಿ ಗ್ವಾಡಿ ಹಿಡಕೊಂಡು ಜೋತಾಡಲೇನ್ರಿ? ಎಂಟು ಅನ್ರಿ, ಮೆಟ್ಟಿಲಿಗರೆ ಬರತೀನಿ," ಎಂದಳು. ಎಂಟು ಎಂದು ತಿದ್ದಿಕೊಂಡೆ.

ಓಟದ ಅಭ್ಯಾಸ ಮಲ್ಲಪ್ಪನ ನಾಯಿಯ ಜೊತೆ. ಅದು ಅಪ್ಪಟ ಮುಧೋಳದ ತಳಿ, ಹೊಟ್ಟೆ ಬೆನ್ನಿಗಂಟಿದ, ಮೂಗು ಚೂಪಾದ ಪ್ರಾಣಿ. ಗಂಗವ್ವ ಕಬ್ಬಿನ ಗದ್ದೆಯ ಬದುವಿನ ಮೇಲೆ ಓಡಲು ಶುರು ಮಾಡಿದ ಕೂಡಲೇ ಅದು ಕಣ್ಮರೆಯಾಗಿ, ದೂರದ ಬೇವಿನ ಗಿಡದ ಕೆಳಗೆ ಕುಳಿತು ಕಾಯುತ್ತಿತ್ತು. ಇವಳು ಏದುಸಿರು ಬಿಡುತ್ತ ಅಲ್ಲಿಗೆ ಮುಟ್ಟಿದಾಗ ಎದ್ದು, ಸರ್ಕಾರಿ ಕಚೇರಿಯಲ್ಲಿ ಅರ್ಜಿದಾರನನ್ನು ನೋಡುವಂತೆ ಒಮ್ಮೆ ನೋಡಿ, ಮತ್ತೆ ಹೊರಟುಬಿಡುತ್ತಿತ್ತು. "ಇದರ ಸಂಗಾಟ ಓಡಿದ್ರ ಮನಶ್ಯಾನ ಮರ್ಯಾದಿ ಉಳಿಯೂದಿಲ್ಲ," ಎಂದು ಗಂಗವ್ವ ಒಂದು ವಾರದಲ್ಲಿ ಅದನ್ನು ಸೇವೆಯಿಂದ ಬಿಡುಗಡೆ ಮಾಡಿದಳು.

ಇನ್ನು ಮುಖ್ಯ ವಿಷಯ. ಸುತ್ತು ಎಣಿಸಲು ಒಂದು ಗುರುತು ಬೇಕಲ್ಲವೇ? ಮೆಟ್ಟಿಲಿನ ಎದುರಿನ ಗೋಡೆಯಲ್ಲಿ, ನೀರಿಗೆ ತಾಗಿದಂತೆ, ಉಳಿದವುಗಳಿಗಿಂತ ಬಿಳಿಚಿದ ಒಂದು ನುಣ್ಣನೆಯ ಕಲ್ಲಿತ್ತು. ಗಂಗವ್ವ ಅದನ್ನು ದಾಟಿದಾಗಲೆಲ್ಲ ನಾನು ವಹಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಬೇಸಿಗೆ ಏರಿದಂತೆ ನೀರು ದಿನಕ್ಕೆ ನಾಲ್ಕು ಬೆರಳು ಇಳಿಯತೊಡಗಿತು. ಒಂದು ಬೆಳಿಗ್ಗೆ ಆ ಕಲ್ಲಿನ ಮೇಲೆ ಅಕ್ಷರಗಳು ಕಂಡವು. ಆ ಕ್ಷಣ ನನಗಾದದ್ದನ್ನು ಬೇರೆಯವರಿಗೆ ವಿವರಿಸುವುದು ಕಷ್ಟ. ಗಂಗವ್ವ ಅಂದು ಎಷ್ಟು ಸುತ್ತು ಹಾಕಿದಳೆಂಬುದಕ್ಕೆ ನನ್ನ ವಹಿಯಲ್ಲಿ ದಾಖಲೆ ಇಲ್ಲ. ಮೊದಲ ಸಾಲು, 'ಶ್ರೀ ಬೀರೇಶ್ವರ ಪ್ರಸನ್ನ.' ಎರಡು ದಿನ ಬಿಟ್ಟು ಎರಡನೆಯ ಸಾಲು ಮೇಲೆದ್ದಿತು. ಅದರಲ್ಲಿ ನನ್ನ ಮಾವನವರಾದ ಸಿದ್ದಪ್ಪನವರ ಹೆಸರು. ಮೂರನೆಯದು, 'ಈ ಬಾವಿಗೆ ಗಂಗಿ ಬಂದ ದಿನ.' ತಾರೀಖು ಇನ್ನೂ ನೀರಿನಲ್ಲಿತ್ತು. ನಾನು ಊಟ ತಿಂಡಿಗಳ ಪರಿವೆಯಿಲ್ಲದೆ ಮೆಟ್ಟಿಲ ಮೇಲೆ ಕುಳಿತು ಕಾದೆ. ಮಲ್ಲಪ್ಪ ಮೇಲಿನಿಂದ ಇಣುಕಿ, "ಏನ್ ನೋಡಾಕತ್ತೀರಿ ಮಾವಾರ? ಆಕಿ ಮುಳಗೂದಿಲ್ಲ ಬಿಡ್ರಿ," ಎಂದ. ಕಲ್ಲಿನ ವಿಷಯ ಹೇಳಿದೆ. "ಹೌದೇನ್ರಿ? ನಮ್ಮ ಬಾವ್ಯಾಗ ಬರದಾರಂತ ನಮಗ ಗೊತ್ತಿಲ್ಲ. ಒಂದು ಮಾತ್ರ ಖರೆ. ಬಾವಿಗಿ ನೀರು ಬಿದ್ದ ದಿನಾನ ಅಕ್ಕ ಹುಟ್ಯಾಳ್ರಿ. ಅದಕ್ಕ ಗಂಗವ್ವ ಅಂತ ಹೆಸರಿಟ್ಟಾರ. ಅಪ್ಪ ಸಾಯೂತನಾ ಹೇಳತಿದ್ದ."

ಅವನು ಅಷ್ಟು ಹೇಳಿ ಎತ್ತಿಗೆ ಮೇವು ಹಾಕಲು ಹೋದ. ನಾನು ಮಾತ್ರ ಅಲ್ಲಿಯೇ ಇದ್ದೆ, ಮೊದಲಿನ ಸುಖ ಸ್ವಲ್ಪ ಕಡಿಮೆಯಾಗಿ. ಮತ್ತೆರಡು ದಿನಕ್ಕೆ ತಾರೀಖು ಹೊರಬಂತು. ಪಾಚಿ ಕಟ್ಟಿದ್ದರಿಂದ, ಗಂಗವ್ವ ಮೇಲೆ ಸೀರೆ ಬದಲಿಸಲು ಹೋಗಿದ್ದ ಸಮಯ ನೋಡಿ, ಮೋಟರಿನ ಪೈಪು ಹಿಡಿದುಕೊಂಡು ಗೋಡೆಯ ಅಂಚಿನ ಮೇಲೆ ಅಡ್ಡಡ್ಡ ಸರಿದು, ತೆಂಗಿನ ನಾರಿನಿಂದ ಉಜ್ಜಿದೆ. ಒಂದು ಚಪ್ಪಲಿ ಬಾವಿಗೆ ಬಿತ್ತು. ಅಂಕಿಗಳು ನಿಚ್ಚಳವಾಗಿದ್ದವು. ಶಕವರ್ಷ, ಸಂವತ್ಸರದ ಹೆಸರು, ತಿಥಿ, ವಾರ, ನಾಲ್ಕೂ ಇದ್ದವು. ಮನೆಗೆ ಬಂದು ಪಂಚಾಂಗಕ್ಕೆ ತಾಳೆ ಹಾಕಿದೆ. ನಾಲ್ಕೂ ಒಂದನ್ನೊಂದು ಒಪ್ಪುತ್ತಿದ್ದವು. ಇಷ್ಟು ನಿರ್ದೋಷವಾದ ಶಾಸನ ನನ್ನ ವೃತ್ತಿಜೀವನದಲ್ಲಿ ಒಂದೂ ಸಿಕ್ಕಿರಲಿಲ್ಲ, ಸಿಕ್ಕಿದ್ದು ಈಗ. ಅದರ ಪ್ರಕಾರ ನನ್ನ ಹೆಂಡತಿಗೆ ದಸರೆಯ ವೇಳೆಗೆ ಅರವತ್ತೊಂದು.

ಓದುಗರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಕಾಗದ ಕೊಟ್ಟರಾಯಿತು, ಕಲ್ಲನ್ನು ಕೇಳುವವರು ಯಾರು ಎನ್ನಬಹುದು. ಆದರೆ ನನ್ನ ಪೂರ್ವಚರಿತ್ರೆ ಅಷ್ಟು ಒಳ್ಳೆಯದಲ್ಲ. ಹಿಂದೊಮ್ಮೆ ಒಂದು ಊರಿನ ವಾಚನಾಲಯದವರು ನೂರು ವರ್ಷ ತುಂಬಿದ ಸಮಾರಂಭಕ್ಕೆ ನನ್ನನ್ನು ಭಾಷಣಕ್ಕೆ ಕರೆದಿದ್ದರು. ಮೂಲ ನಡಾವಳಿ ಪುಸ್ತಕ ನೋಡಿದ್ದ ನಾನು, ತುಂಬಿರುವುದು ತೊಂಬತ್ತೇಳು ಎಂದು ಮೈಕಿನಲ್ಲಿ ಸಾಧಾರವಾಗಿ ರುಜುವಾತು ಮಾಡಿದೆ. ಅಂದು ಹುಗ್ಗಿ ಮಾಡಿದ್ದರಂತೆ. ನಮ್ಮನ್ನು ಯಾರೂ ಪಂಕ್ತಿಗೆ ಕರೆಯಲಿಲ್ಲ. ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದ ಗಂಗವ್ವ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ತಿಂದು ಮನೆಗೆ ಬಂದಳು. ಆ ಬಾಳೆಹಣ್ಣಿನ ಪ್ರಸ್ತಾಪ ನಮ್ಮ ಮನೆಯಲ್ಲಿ ಈಗಲೂ ಆಗಾಗ ಬರುತ್ತದೆ. ತಪ್ಪು ತಾರೀಖು ಎದುರಿಗಿದ್ದರೆ ನನಗೆ ಸುಮ್ಮನಿರಲಾಗುವುದಿಲ್ಲ. ಇದು ಸದ್ಗುಣವೆಂದು ಬಹುಕಾಲ ನಂಬಿದ್ದೆ, ಈಗ ಕಾಯಿಲೆಯಿರಬಹುದೆಂಬ ಅನುಮಾನವಿದೆ. ಕಲ್ಲಿನ ಸಂಗತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಹತ್ತು ದಿನ ಕಳೆದೆ. ರೊಟ್ಟಿ ಇಳಿಯಲಿಲ್ಲ. ಸುತ್ತು ಎಣಿಸುವಾಗ ಆ ಕಲ್ಲಿನ ಕಡೆ ನೋಡದೆ ಎಣಿಸಿ ಲೆಕ್ಕ ತಪ್ಪಿಸಿದೆ.

ಹನ್ನೊಂದನೆಯ ದಿನ ಗಂಗವ್ವ ನೀರಿನಿಂದ ಮೆಟ್ಟಿಲಿಗೆ ಬಂದು, ಕೂದಲು ಹಿಂಡಿಕೊಳ್ಳುತ್ತ, "ಕಲ್ಲು ಓದಿದ್ರೇನು?" ಎಂದಳು.

"ಯಾವ ಕಲ್ಲು?" ಎಂದೆ. ಸುಳ್ಳು ಹೇಳುವ ಅಭ್ಯಾಸವಿಲ್ಲದವರು ಮೊದಲು ಹೇಳುವ ಸುಳ್ಳು ಸಾಮಾನ್ಯವಾಗಿ ಇದೇ.

"ನಿಮ್ಮ ಚಪ್ಪಲಿ ತೇಲಾಕತ್ತಿತ್ರಿ. ನಾನ ತಂದು ಮ್ಯಾಲ ಇಟ್ಟೀನಿ," ಎಂದಳು. ಸೆರಗು ಹಿಂಡಿ ಹೇಳಿದಳು: "ಆ ಕಲ್ಲು ನಾ ನಿಮಗಿಂತ ಮೊದಲ ಓದೀನಿ. ಸಾಲ್ಯಾಗ ಮೂರನೇ ಇಯತ್ತೆದಾಗಿದ್ದಾಗ. ಅಕ್ಷರ ಕೂಡಿಸಾಕ ಬಂದ ಮ್ಯಾಲ ನಾ ಓದಿದ್ದ ಮೊದಲನೇದ್ದು ಅದ. ಮಲ್ಲ್ಯಾ ಹುಟ್ಟಿದಾಗ ಅವ್ವಗ ಹೊಲದ ಕೆಲಸ. ತೊಟ್ಟಿಲ ತೂಗಾಕ ನನ್ನ ಮನ್ಯಾಗ ಕುಂದರಿಸಿದ್ರು. ಎರಡು ವರ್ಷ ಸಾಲಿಗಿ ಕಳಿಸಲಿಲ್ಲ. ಆಮ್ಯಾಲ ಹೆಸರು ಹಚ್ಚೂ ಮುಂದ ಮಾಸ್ತರ, ಹುಡುಗಿ ದೊಡ್ಡಾಕಿ ಆಗೇತಿ, ಒಂದನೇ ಇಯತ್ತೆಕ ಹೊಂದೂದಿಲ್ಲ ಅಂದ್ರು. ಅಪ್ಪ, ಎರಡು ವರ್ಷ ಕಡಿಮಿ ಬರಕೋರಿ ಅಂದ. ಬರಕೊಂಡ್ರು. ಅಷ್ಟ ರೀ."

ನಾನು ಸುತ್ತಿನ ವಹಿ ಮುಚ್ಚಿದೆ.

"ಆ ಎರಡು ವರ್ಷ ತೊಟ್ಟಿಲದಾಗ ಹೋದ್ವು. ಈಗ ಕಾಗದದಾಗ ತಿರುಗಿ ಬಂದಾವ. ಅವು ಇಲ್ಲಂದ್ರ ಈ ಆಟ ನನಗ ಸಿಗತಿರಲಿಲ್ಲ," ಎಂದಳು. ಆಮೇಲೆ ನನ್ನ ಮುಖ ನೋಡಿ ನಕ್ಕಳು. "ನೀವು ಸುಮ್ಮನಿರಾಕ ಆಗೂದಿಲ್ಲ, ಗೊತ್ತೈತಿ. ದಂಡಿ ಮ್ಯಾಲ ನಿಂತು ಮೈಕ್ ಕಸಗೊಂಡ್ರ ಮತ್ತ ಬಾಳಿಹಣ್ಣ. ಅಲ್ಲೆ ಕಾಗದ ನೋಡಾವರ ಮುಂದ ನಾನ ಹೇಳತೀನಿ. ಹೂಂ ಅಂದ್ರ ಈಜತೀನಿ. ಬ್ಯಾಡ ಅಂದ್ರ ಕುಂತು ನೋಡತೀನಿ. ಅಲ್ಲೀತನಾ ಬಾಯಿ ಮುಚಗೊಂಡು ಸುತ್ತು ಎಣಸ್ರಿ."

ಹೀಗೆ, ಬಿಡುತ್ತಾರೋ ಇಲ್ಲವೋ ತಿಳಿಯದ ಆಟಕ್ಕೆ ಅಭ್ಯಾಸ ಮುಂದುವರಿಯಿತು. ಬನಹಟ್ಟಿಯಿಂದ ಗಟ್ಟಿ ನೂಲಿನ ಬಟ್ಟೆ ತಂದು ಅವಳೇ ಷರಾಯಿ ಹೊಲಿದುಕೊಂಡಳು. ಮಲ್ಲಪ್ಪನ ಮಗಳ ಸೈಕಲ್ಲು ತಂದು ಮುಧೋಳದ ಹೊರರಸ್ತೆಯಲ್ಲಿ ಹೊಡೆದಳು. ಮಳೆ ಬಂತು, ಬಾವಿ ತುಂಬಿತು, ಕಲ್ಲು ನೀರಿನಡಿ ಸೇರಿತು. ಪ್ರಮುಖ ಸಾಕ್ಷ್ಯವೇ ಮುಳುಗಿದ್ದು ನೋಡಿ ನನಗೆ ಮೊದಲ ಬಾರಿಗೆ ನೆಮ್ಮದಿಯೆನಿಸಿತು. ಆದರೂ ಅದಕ್ಕೆ ಮೊದಲೇ ಮೊಬೈಲಿನಲ್ಲಿ ಮೂರು ಕೋನಗಳಿಂದ ಚಿತ್ರ ತೆಗೆದಿಟ್ಟಿದ್ದೆ.

ಗಣೇಶ ಚೌತಿ ಕಳೆದ ಮೇಲೆ, ತೆರೆದ ನೀರಿನಲ್ಲಿ ಒಮ್ಮೆ ನೋಡೋಣವೆಂದು ಹಿನ್ನೀರಿಗೆ ಹೋದೆವು. ಅಲ್ಲಿ ನಮ್ಮ ವಿಧಾನದ ದೋಷ ಬಯಲಾಯಿತು. ಎದುರಿಗೆ ಮೀನುಗಾರರ ಒಂದು ತೆಪ್ಪ ನಿಂತಿತ್ತು. ಅಲ್ಲಿಗೆ ಹೋಗಿ ಬಾ ಎಂದೆ. ಗಂಗವ್ವ ಚೆನ್ನಾಗಿಯೇ ಹೊರಟಳು. ಆದರೆ ಸ್ವಲ್ಪ ದೂರ ಹೋದಂತೆ ಎಡಕ್ಕೆ ಬಾಗಿದಳು, ಇನ್ನೂ ಬಾಗಿದಳು, ಕೊನೆಗೆ ಸುಂದರವಾದ ಒಂದು ವರ್ತುಲ ಮುಗಿಸಿ ನನ್ನ ಕಾಲ ಬುಡಕ್ಕೇ ಬಂದು, "ತೆಪ್ಪ ಎಲ್ಲಿ ಹೋತ್ರಿ?" ಎಂದಳು. ತೆಪ್ಪ ಇದ್ದಲ್ಲಿಯೇ ಇತ್ತು. ಅದರಲ್ಲಿದ್ದ ಮೀನುಗಾರ ಬೀಡಿ ಬಾಯಿಂದ ತೆಗೆದು, "ಬಾವ್ಯಾಗ ಕಲತಾರಲ್ರಿ? ಬಾವಿ ಮಂದಿ ಎಲ್ಲಾ ಹಂಗ. ಗ್ವಾಡಿ ಹುಡುಕ್ಯಾಡತಾರ," ಎಂದ. ಐದು ತಿಂಗಳು ಒಂದೇ ದಿಕ್ಕಿಗೆ ಸುತ್ತಿಸಿದ್ದೆ. ಹಗ್ಗ ಹಿಡಿದು ಎರಡು ಸಲ ಅಳೆದ ನನಗೆ, ಹಿನ್ನೀರಿಗೆ ಗೋಡೆಯಿರುವುದಿಲ್ಲ ಎಂಬುದು ಹೊಳೆದಿರಲಿಲ್ಲ. ಮರುದಿನದಿಂದ ಬಾವಿಯಲ್ಲಿ ಬಲಕ್ಕೆ ಸುತ್ತಲು ಹಚ್ಚಿದೆ.

ಸ್ಪರ್ಧೆಯ ಹಿಂದಿನ ದಿನ ಕಾಗದಪತ್ರ ಪರಿಶೀಲನೆ. ಹಿನ್ನೀರಿನ ದಂಡೆಯಲ್ಲಿ ಶಾಮಿಯಾನ, ಒಂದು ಮೇಜು, ಅದರ ಹಿಂದೆ ಲ್ಯಾಪ್‌ಟಾಪಿನ ಮುಂದೆ ಕಾಲೇಜಿನ ಒಬ್ಬ ಹುಡುಗಿ. ಪಕ್ಕದಲ್ಲಿ ಉಸ್ತುವಾರಿ ವಹಿಸಿದ್ದ, ಕೊರಳಲ್ಲಿ ಸೀಟಿ ಹಾಕಿಕೊಂಡ, ಐವತ್ತು ದಾಟಿದ ಒಬ್ಬ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ 'ಬಾಯಿಯವರು'. ಗಂಗವ್ವ ಆಧಾರ್ ಕಾರ್ಡು ಮೇಜಿನ ಮೇಲಿಟ್ಟು ನೇರವಾಗಿ ಹೇಳಿದಳು: "ಇದು ಕಾಗದದ ವಯಸ್ಸು, ತಂಗಿ. ಇವರ ಹಂತ್ಯಾಕ ಇನ್ನೊಂದು ಐತಿ. ಕೇಳಿಕೋ. ಇಲ್ಲಂದ್ರ ಇವರು ರಾತ್ರಿ ಊಟಾ ಮಾಡೂದಿಲ್ಲ."

ನಾನು ಗಂಟಲು ಸರಿಪಡಿಸಿಕೊಂಡು ಶಕವರ್ಷದಿಂದ ಆರಂಭಿಸಿದೆ. ಸಂವತ್ಸರಕ್ಕೂ ತಿಥಿಗೂ ಇರುವ ಹೊಂದಾಣಿಕೆಯನ್ನು ವಿವರಿಸಿದೆ. ಮೊಬೈಲಿನ ಮೂರು ಚಿತ್ರಗಳನ್ನು ತೋರಿಸಿದೆ. ಹುಡುಗಿ ಅವನ್ನು ಹಿಗ್ಗಿಸಿ ನೋಡಿ, "ಸರ, ಈ ಕಲ್ಲು ಎಲ್ಲೈತ್ರಿ?" ಎಂದಳು.

"ಸದ್ಯಕ್ಕೆ ನೀರಿನೊಳಗಿದೆ."

"ಅದಕ್ಕೊಂದು ನಂಬರ್ ಏನರ ಐತೇನ್ರಿ? ನಂಬರ್ ಹಾಕದ ಮುಂದಿನ ಪೇಜ್ ಬರೂದಿಲ್ರಿ."

ಮೂರು ಕಡೆ ತಾಳೆ ನೋಡಿದ ದಾಖಲೆಗೆ ಇಂಥ ಕೊರತೆ ಇರಬಹುದೆಂದು ನಾನು ಯೋಚಿಸಿರಲಿಲ್ಲ. ಅಷ್ಟರಲ್ಲಿ ಸೀಟಿಯ ಬಾಯಿಯವರು ಆಧಾರ್ ಕಾರ್ಡನ್ನು ಕೈಗೆತ್ತಿಕೊಂಡು ಹುಟ್ಟಿದ ತಾರೀಖು ನೋಡಿದರು. ನನ್ನನ್ನು ನೋಡಿದರು. ದನಿ ತಗ್ಗಿಸಿ, "ಸರ, ಈ ಜೂನ್ ಒಂದರ ಮಾತು ಇಲ್ಲೇ ಬಿಡ್ರಿ. ನಂದೂ ಜೂನ್ ಒಂದು," ಎಂದರು. ದನಿ ಸಾಕಷ್ಟು ತಗ್ಗಿರಲಿಲ್ಲ. ನಮ್ಮ ಹಿಂದಿನ ಸಾಲಿನಲ್ಲಿ ನಿಂತಿದ್ದ, ತಲೆ ನರೆತ ಮೂವರು ಹೆಣ್ಣುಮಕ್ಕಳು ಬೇರೆಬೇರೆ ಶ್ರುತಿಗಳಲ್ಲಿ, "ನಂದೂ ರೀ," ಎಂದರು. ಬಾಯಿಯವರು ಗಂಗವ್ವನ ಕಡೆ ತಿರುಗಿ, "ಅಕ್ಕಾರ, ನಮ್ಮ ನಿಯಮ ಕಾಗದದ ಮ್ಯಾಲೈತಿ. ನೀವು ಖರೆ ಹೇಳೀರಿ, ನಾ ಕೇಳೀನಿ. ಈಜಾಕ ದಮ್ ಐತಲ್ಲ?" ಎಂದರು. "ಐತ್ರಿ. ಸ್ವಲ್ಪ ಎಡಕ್ಕ ಹೋಗತೀನಿ," ಎಂದಳು ಗಂಗವ್ವ. ಅವರು ಅವಳ ಕೈಗೆ ನಂಬರಿನ ಚೀಟಿ ಕಟ್ಟಿದರು. ಅವಳು ನನ್ನ ಕಡೆ ನೋಡಲಿಲ್ಲ. ಆ ಚೀಟಿಯನ್ನೇ, ಯಾವುದೋ ಶಾಲೆಯಲ್ಲಿ ಹೊಸದಾಗಿ ಹೆಸರು ಹಚ್ಚಿದ ಮಗುವಿನಂತೆ, ಎರಡು ಮೂರು ಸಲ ಮುಟ್ಟಿ ನೋಡಿಕೊಂಡಳು.

ಸ್ಪರ್ಧೆಯ ವಿವರಕ್ಕೆ ಹೆಚ್ಚು ಜಾಗ ಬೇಡ. ಈಜಿನಲ್ಲಿ ಮೊದಲರ್ಧ ಎಡಕ್ಕೆ ಬಾಗಿದಳು. ಆಮೇಲೆ ಹೊಸ ಅಭ್ಯಾಸ ನೆನಪಾಗಿ ಬಲಕ್ಕೆ ಬಾಗಿದಳು. ಒಂದು ತಪ್ಪು ಇನ್ನೊಂದನ್ನು ಸರಿಪಡಿಸಿದ್ದರಿಂದ ಸರಿಯಾಗಿ, ಗುರಿಗೆಂದು ತೇಲಿಬಿಟ್ಟಿದ್ದ ಹಳದಿ ಬುರುಡೆಯ ಹತ್ತಿರವೇ ಮುಟ್ಟಿದಳು. ಸೈಕಲ್ಲಿನಲ್ಲಿ ಹಲವರನ್ನು ಹಿಂದೆ ಹಾಕಿದಳು, ಓಟದಲ್ಲಿ ಅವರಲ್ಲಿ ಬಹುತೇಕರು ಇವಳನ್ನು ಹಿಂದೆ ಹಾಕಿದರು. ಕೊನೆಯಿಂದ ಎಣಿಸಿದರೆ ಐದನೆಯ ಸ್ಥಾನ. ಗೆರೆ ದಾಟಿದಾಗ ಮಲ್ಲಪ್ಪ ಜನರ ನಡುವಿನಿಂದ, "ಅಕ್ಕಾ, ಆಡು ಸಿಕ್ವು, ಇನ್ನ ನಿಂದ್ರು," ಎಂದು ಕೂಗಿದ. ಆಮೇಲೆ ಮೂಲೆಗೆ ಹೋಗಿ ಟವೆಲ್ಲಿನಿಂದ ಬಹಳ ಹೊತ್ತು ಮುಖ ಒರೆಸಿಕೊಂಡ. ತೊಟ್ಟಿಲಲ್ಲಿದ್ದವನು ಅವನೇ ಅಲ್ಲವೇ.

ನಾಲ್ಕು ದಿನ ಕಳೆದು ಸೀಗಿ ಹುಣ್ಣಿಮೆ ಬಂತು. ವಾಡಿಕೆಯಂತೆ ಬೆಳಗಲಿಯ ಹೊಲಕ್ಕೆ ಹೋಗಿ, ಬೆಳೆಗೆ ಪೂಜೆ ಮಾಡಿ, ಎಡೆಯ ಅಡುಗೆಯನ್ನು ಹೊಲಕ್ಕೆಲ್ಲ ಚರಗವಾಗಿ ಚೆಲ್ಲಿ, ಬಾವಿಯ ಪಕ್ಕದಲ್ಲಿ ಊಟಕ್ಕೆ ಕುಳಿತೆವು. ಗಂಗವ್ವ ಎಲ್ಲರಿಗೂ ಎರಡೆರಡು ಕಡಬು ಬಡಿಸಿದಳು, ನನಗೆ ಮೂರು. ಪ್ರತಿ ಸೀಗಿ ಹುಣ್ಣಿಮೆಗೂ ನನಗೆ ಒಂದು ಕಡಬು ಹೆಚ್ಚು ಬೀಳುತ್ತದೆ. ಮದುವೆಯಾದ ಮೊದಲ ವರ್ಷದಿಂದಲೂ ಇದು ನಡೆದುಬಂದಿದೆ. ಸಂಶೋಧಕನ ಬಗೆಗಿನ ಗೌರವವಿರಬೇಕೆಂದು ನಾನು ತಿಳಿದಿದ್ದೆ. ಬಾವಿಯ ಪ್ರಕರಣದ ಗುಂಗಿನಲ್ಲಿದ್ದುದರಿಂದಲೋ ಏನೋ, ಅಂದು ಕಾರಣ ಕೇಳಿದೆ.

"ಇವತ್ತ ಅಲ್ಲೇನ್ರಿ ನೀವು ಹುಟ್ಟಿದ್ದು?" ಎಂದಳು ಗಂಗವ್ವ, ಮಲ್ಲಪ್ಪನಿಗೆ ಪುಂಡಿ ಪಲ್ಯ ಹಾಕುತ್ತ. "ಅತ್ತಿಯವರು ಹೇಳ್ಯಾರ. ಚರಗ ಚೆಲ್ಲಾಕ ಹೊಲಕ್ಕ ಬಂದಾಗ ಬ್ಯಾನಿ ಬಂತಂತ. ಗಾಡ್ಯಾಗ ಹಡದಾರ. ನಾ ಕೊಟ್ಟ ಮನಿಗಿ ಬಂದ ವರ್ಷಾನ ಹೇಳಿದ್ರು, ಇವತ್ತ ಅಂವಗ ಒಂದು ಜಾಸ್ತಿ ನೀಡವಾ ಅಂತ. ನೀಡಕೋತ ಬಂದೀನಿ."

"ನನಗೇಕೆ ಯಾರೂ ಹೇಳಲಿಲ್ಲ?"

"ನೀವು ಕೇಳಲಿಲ್ಲ. ನಿಮಗ ಜೂನ್ ಒಂದು ಇತ್ತಲ್ರಿ."

ಮಲ್ಲಪ್ಪ ತಟ್ಟೆಯ ಕಡೆ ತಲೆ ತಗ್ಗಿಸಿದ. ಅವನ ಹೆಗಲು ಅಲುಗುತ್ತಿದ್ದುದು ನನಗೆ ಕಾಣುತ್ತಿತ್ತು. "ವರ್ಷ ಯಾವುದೆಂದು ಅವ್ವ ಹೇಳಿದ್ದಳೇ?" ಎಂದು ಕೇಳಿದೆ. "ಹೇಳ್ಯಾರ,"  ಎಂದಳು. ಅಷ್ಟೇ ಹೇಳಿ ಮಜ್ಜಿಗೆಯ ಗಡಿಗೆಯ ಕಡೆ ಹೋದಳು. ಅವಳು ಬರುವವರೆಗೆ ನನ್ನ ಎದುರಿಗಿದ್ದ ಮೂರನೆಯ ಕಡಬನ್ನು ನೋಡುತ್ತ ಕುಳಿತೆ. ಇಷ್ಟು ವರ್ಷಗಳ ಕಾಲ, ತಪ್ಪದೆ, ಒಂದೇ ತಿಥಿಗೆ, ಒಂದೇ ಕೈಯಿಂದ ಬಂದ ದಾಖಲೆ. ಇದಕ್ಕಿಂತ ನಂಬಲರ್ಹವಾದ ಪರಂಪರೆ ನನ್ನ ಕಪಾಟಿನ ಯಾವ ದಫ್ತರದಲ್ಲಿಯೂ ಇಲ್ಲ. ಅಷ್ಟನ್ನೂ ಒಂದೊಂದಾಗಿ, ತುಪ್ಪ ಹಾಕಿಸಿಕೊಂಡು, ನಾನೇ ತಿಂದು ಮುಗಿಸಿದ್ದೆ.